ಟಾಟಾ ಇನ್‌ಸ್ಟಿಟ್ಯೂಟ್ ದಾರಿಯ ನಾಲ್ಕು ಬಾಗಿಲು

ಬೆಂಗಳೂರಿನ ಮಲ್ಲೇಶ್ವರದ ಹದಿನೆಂಟನೇ ಅಡ್ಡರಸ್ತೆಯನ್ನು ಹಿಂದೆ ಬಿಟ್ಟು ಉತ್ತರಕ್ಕೆ ಸ್ವಲ್ಪ ದೂರ ಸಾಗಿದರೆ ಊರಿನ ಗದ್ದಲ ಒಮ್ಮೆಗೇ ತಗ್ಗಿದಂತಾಗುತ್ತದೆ. ಎತ್ತರದ ಮರಗಳು, ಅವುಗಳ ನಡುವೆ ನೇರವಾದ ರಸ್ತೆಗಳು, ಬೆನ್ನಿಗೆ ಚೀಲ ಹಾಕಿಕೊಂಡು ಸೈಕಲ್ ತುಳಿಯುವ ಹುಡುಗ ಹುಡುಗಿಯರು. ಇದು ಭಾರತೀಯ ವಿಜ್ಞಾನ ಸಂಸ್ಥೆ. ಹಳೆಯ ಬೆಂಗಳೂರಿಗರ ಬಾಯಲ್ಲಿ ಮಾತ್ರ ಇದು ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’.

ಜಮ್‌ಶೆಟ್‌ಜಿ ಟಾಟಾ ಅವರ ಕನಸಿನಿಂದ 1909ರಲ್ಲಿ ಹುಟ್ಟಿದ ಸಂಸ್ಥೆ ಇದು. ಇದಕ್ಕೆ ಮೈಸೂರು ಸಂಸ್ಥಾನ 371 ಎಕರೆ ಭೂಮಿ ಕೊಟ್ಟಿತು. 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದರು. ಬೂದು ಬಣ್ಣದ ಕಲ್ಲಿನ ಮುಖ್ಯ ಕಟ್ಟಡ, ಅದರ ನೆತ್ತಿಯ ಗೋಪುರ, ಮುಂದಿನ ಟಾಟಾ ಪ್ರತಿಮೆ ಇವನ್ನೆಲ್ಲ ನೋಡಲು ಬರುವವರು ಅನೇಕರು. ಫೋಟೊ ತೆಗೆಸಿಕೊಂಡು ಹಿಂದಿರುಗುವವರೇ ಅವರಲ್ಲಿ ಹೆಚ್ಚು. ಆದರೆ ಇಲ್ಲಿಂದ ಹೊರಟು ಸರ್ ಸಿ.ವಿ. ರಾಮನ್ ರಸ್ತೆ ಹಿಡಿದು ಮೇಖ್ರಿ ವೃತ್ತದ ಕಡೆಗೆ, ಮತ್ತೆ ಅಲ್ಲಿಂದ ಯಶವಂತಪುರದಾಚೆಯ ಪೀಣ್ಯಕ್ಕೆ ಹೋಗಿಬಂದರೆ ಇನ್ನೊಂದು ಕಥೆಯೂ ಸಿಗುತ್ತದೆ. ವಿಜ್ಞಾನ ಕಲಿಯಬೇಕೆಂದು ಬಂದ ಹೆಣ್ಣುಮಕ್ಕಳಿಗೆ ಎಲ್ಲೆಲ್ಲಿ ಬಾಗಿಲು ಮುಚ್ಚಿತ್ತು, ಯಾರು ಅದನ್ನು ತಟ್ಟಿದರು, ಯಾವ ಬಾಗಿಲು ಇನ್ನೂ ಅರ್ಧವೇ ತೆರೆದಿದೆ ಎಂಬ ಕಥೆ ಅದು. ಮಗಳನ್ನು ಪಿಯುಸಿ ವಿಜ್ಞಾನಕ್ಕೆ ಸೇರಿಸಿ ಮುಂದೇನು ಎಂದು ಯೋಚಿಸುತ್ತಿರುವ ತಂದೆತಾಯಿಗಳಿಗೂ, ಆ ಮಗಳಿಗೂ ಈ ದಾರಿ ಒಂದು ದಿನದ ಒಳ್ಳೆಯ ಪ್ರವಾಸ.

ನಿರ್ದೇಶಕರ ಕಚೇರಿಯ ಮುಂದೆ

ಮೊದಲ ಬಾಗಿಲು ಪ್ರವೇಶದ್ದು. 1933ರಲ್ಲಿ ಮುಂಬಯಿಯಿಂದ ಕಮಲಾ ಭಾಗವತ್ ಎಂಬ ಯುವತಿ ಇಲ್ಲಿಗೆ ಅರ್ಜಿ ಹಾಕಿದರು. ಬಿ.ಎಸ್ಸಿ.ಯಲ್ಲಿ ಅವರದು ಮೊದಲ ಸ್ಥಾನ. ಅವರ ತಂದೆ ಮತ್ತು ಚಿಕ್ಕಪ್ಪ ಇದೇ ಸಂಸ್ಥೆಯಲ್ಲಿ ರಸಾಯನಶಾಸ್ತ್ರ ಕಲಿತವರು. ಅವರು ಓದಿದ ಕಡೆ ತಾನೂ ಓದಬೇಕೆಂಬುದು ಮಗಳ ಆಸೆ. ಅಂಕಗಳಲ್ಲಿ ಕೊರತೆಯಿರಲಿಲ್ಲ, ಮನೆಯವರ ವಿರೋಧವೂ ಇರಲಿಲ್ಲ. ಆದರೂ ಅರ್ಜಿ ತಿರಸ್ಕೃತವಾಯಿತು. ಕಾರಣ ಒಂದೇ, ಅರ್ಜಿದಾರರು ಹೆಣ್ಣು.

ಆಗ ನಿರ್ದೇಶಕರಾಗಿದ್ದವರು ಸರ್ ಸಿ.ವಿ. ರಾಮನ್. ನೊಬೆಲ್ ಪ್ರಶಸ್ತಿ ಪಡೆದು ಮೂರೇ ವರ್ಷವಾಗಿತ್ತು. ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರು ಬೇರೆ. ಅಂಥವರ ಮಾತಿಗೆ ಎದುರಾಡುವವರು ಯಾರು? ಕಮಲಾ ಬೆಂಗಳೂರಿಗೆ ಬಂದರು. ಕಾರಣ ಕೇಳಿದರು. ಕೊನೆಗೆ ಗಾಂಧೀಜಿಯವರ ದಾರಿಯನ್ನೇ ಹಿಡಿದು ನಿರ್ದೇಶಕರ ಕಚೇರಿಯ ಮುಂದೆ ಸತ್ಯಾಗ್ರಹ ಕುಳಿತರು. ರಾಮನ್ ಒಪ್ಪಿದರು, ಆದರೆ ಷರತ್ತಿನ ಮೇಲೆ. ಮೊದಲ ವರ್ಷ ಬರೀ ಪರೀಕ್ಷಾ ಅವಧಿ. ಮಾರ್ಗದರ್ಶಕರು ಹೇಳಿದರೆ ರಾತ್ರಿ ಹೊತ್ತೂ ಕೆಲಸ ಮಾಡಬೇಕು. ಪ್ರಯೋಗಾಲಯದ ವಾತಾವರಣ ಕೆಡಬಾರದು.

ಈ ಷರತ್ತುಗಳು ಯಾವ ಗಂಡು ವಿದ್ಯಾರ್ಥಿಗೂ ಇರಲಿಲ್ಲ. ಕಮಲಾ ಅವನ್ನು ಒಪ್ಪಿಕೊಂಡು ಪ್ರಾಧ್ಯಾಪಕ ಶ್ರೀನಿವಾಸಯ್ಯನವರ ಕೈಕೆಳಗೆ ಹಾಲು, ಬೇಳೆಕಾಳುಗಳಲ್ಲಿರುವ ಪ್ರೋಟೀನುಗಳ ಬಗ್ಗೆ ಕೆಲಸ ಮಾಡಿದರು. ವರ್ಷ ಕಳೆಯುವುದರೊಳಗೆ ರಾಮನ್‌ಗೆ ಸಮಾಧಾನವಾಗಿತ್ತು. ಅಲ್ಲಿಂದ ಮುಂದೆ ಹೆಣ್ಣುಮಕ್ಕಳಿಗೆ ಸಂಸ್ಥೆಯ ಬಾಗಿಲು ತೆರೆಯಿತು. 1936ರಲ್ಲಿ ಎಂ.ಎಸ್ಸಿ. ಮುಗಿಸಿದ ಕಮಲಾ ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೋದರು. ಸಸ್ಯಗಳ ಜೀವಕೋಶದಲ್ಲಿ ‘ಸೈಟೋಕ್ರೋಮ್ ಸಿ’ ಎಂಬ ಪ್ರೋಟೀನು ಇದೆ ಎಂದು ತೋರಿಸಿ 1939ರಲ್ಲಿ ಪಿಎಚ್.ಡಿ. ಪಡೆದರು. ಮದುವೆಯ ನಂತರ ಕಮಲಾ ಸೊಹೊನಿ ಎಂದು ಹೆಸರಾದ ಅವರು ಮುಂಬಯಿಯ ವಿಜ್ಞಾನ ಸಂಸ್ಥೆಯಲ್ಲಿ ಪಾಠ ಮಾಡುತ್ತ, ಬಡವರ ಮಕ್ಕಳ ಪೌಷ್ಟಿಕತೆಗೆ ನೀರಾ ಹೇಗೆ ನೆರವಾದೀತು ಎಂದು ಶೋಧಿಸಿದರು. ಮುಂದೆ ಅದೇ ಸಂಸ್ಥೆಯ ನಿರ್ದೇಶಕಿಯೂ ಆದರು. 1998ರಲ್ಲಿ ತೀರಿಕೊಂಡರು. ಬೆಂಗಳೂರಿನಲ್ಲಿ ತಮಗಾದ ಅವಮಾನವನ್ನು ಅವರು ಕೊನೆಯವರೆಗೂ ಮರೆತಿರಲಿಲ್ಲ.

ರಾಮನ್ ಅವರ ದೊಡ್ಡತನಕ್ಕೆ ಇದರಿಂದ ಕುಂದಿಲ್ಲ ಎನ್ನುವವರಿದ್ದಾರೆ. ಅವರ ವಿಜ್ಞಾನಕ್ಕೆ ಕುಂದಿಲ್ಲ, ನಿಜ. ಅಷ್ಟು ದೊಡ್ಡ ವಿಜ್ಞಾನಿಗೂ ಕಣ್ಣೆದುರಿನ ಪ್ರತಿಭೆ ಹೆಣ್ಣಿನ ರೂಪದಲ್ಲಿ ಬಂದಾಗ ಕಾಣಲಿಲ್ಲ ಎಂಬುದೇ ಇಲ್ಲಿ ಕಲಿಯಬೇಕಾದ ಪಾಠ.

ಮೈಕ್ರೋವೇವ್ ಮೇಡಂ

ಮುಖ್ಯ ಕಟ್ಟಡದಿಂದ ಎಂಜಿನಿಯರಿಂಗ್ ವಿಭಾಗಗಳ ಕಡೆಗೆ ನಡೆದರೆ ಎಲೆಕ್ಟ್ರಿಕಲ್ ಕಮ್ಯುನಿಕೇಷನ್ ವಿಭಾಗ ಸಿಗುತ್ತದೆ. ಇಲ್ಲಿ ನೆನೆಯಬೇಕಾದ ಹೆಸರು ಕನ್ನಡ ನಾಡಿನದೇ, ರಾಜೇಶ್ವರಿ ಚಟರ್ಜಿ. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಇವರನ್ನು ಗುರುತಿಸುತ್ತಾರೆ.

ಇವರ ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ ದುಡಿದವರು. ಅಜ್ಜಿ ಓದಿದ್ದರಿಂದ ಮೊಮ್ಮಗಳಿಗೆ ಓದಲು ಅನುಮತಿ ಕೇಳುವ ಪ್ರಸಂಗವೇ ಬರಲಿಲ್ಲ. ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ಮೈಸೂರು ವಿಶ್ವವಿದ್ಯಾಲಯಕ್ಕೆ ಮೊದಲಿಗರಾಗಿ, 1943ರಲ್ಲಿ ಇಲ್ಲಿ ಸಂಶೋಧನಾ ವಿದ್ಯಾರ್ಥಿಯಾದರು. ಸ್ವಾತಂತ್ರ್ಯ ಬಂದ 1947ರಲ್ಲಿ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಹೊರಟರು. 1953ರಲ್ಲಿ ಪಿಎಚ್.ಡಿ. ಮುಗಿಸಿ ಮರಳಿ ಇದೇ ವಿಭಾಗದಲ್ಲಿ ಅಧ್ಯಾಪಕಿಯಾದರು.

ರೇಡಾರ್, ವಿಮಾನ, ಉಪಗ್ರಹಗಳಿಗೆಲ್ಲ ಬೇಕಾದ ಮೈಕ್ರೋವೇವ್ ತಂತ್ರಜ್ಞಾನ ಆಗ ನಮ್ಮ ದೇಶಕ್ಕೆ ತೀರ ಹೊಸದು. ರಾಜೇಶ್ವರಿಯವರೂ ಅದೇ ವಿಭಾಗದಲ್ಲಿದ್ದ ಅವರ ಪತಿ ಶಿಶಿರ್ ಕುಮಾರ್ ಚಟರ್ಜಿಯವರೂ ಸೇರಿ ಈ ವಿಷಯದ ಪ್ರಯೋಗಾಲಯ ಕಟ್ಟಿದರು. ಇಪ್ಪತ್ತು ವಿದ್ಯಾರ್ಥಿಗಳು ಅವರ ಮಾರ್ಗದರ್ಶನದಲ್ಲಿ ಪಿಎಚ್.ಡಿ. ಪಡೆದರು. ನೂರಕ್ಕೂ ಮೀರಿದ ಸಂಶೋಧನಾ ಲೇಖನಗಳು, ಏಳು ಪುಸ್ತಕಗಳು ಬಂದವು. 1982ರಲ್ಲಿ ನಿವೃತ್ತರಾದ ಮೇಲೆ ಅವರು ಮಹಿಳೆಯರ ಸ್ಥಿತಿಗತಿಯ ಅಧ್ಯಯನಕ್ಕೆ ಕೈಹಾಕಿದರು. 2010ರಲ್ಲಿ ನಿಧನರಾದರು. ಅವರ ಮಗಳು ಅಮೆರಿಕದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕಿಯಾದರು. ಅಜ್ಜಿಯಿಂದ ಮೊಮ್ಮಗಳಿಗೆ, ಅವಳಿಂದ ಅವಳ ಮಗಳಿಗೆ ಹರಿದ ಈ ಧಾರೆಯನ್ನು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಪ್ರತಿಭೆ ಹುಟ್ಟಿನಿಂದ ಬರಬಹುದು, ಧೈರ್ಯ ಬರುವುದು ಮನೆಯಿಂದ.

ಒಂದು ಪೋಸ್ಟ್‌ಕಾರ್ಡು

ಎರಡನೆಯ ಬಾಗಿಲು ನೌಕರಿಯದು. 1974ರಲ್ಲಿ ಇದೇ ಆವರಣದಲ್ಲಿ ಕಂಪ್ಯೂಟರ್ ವಿಜ್ಞಾನದ ಸ್ನಾತಕೋತ್ತರ ಪದವಿ ಓದುತ್ತಿದ್ದವರು ಸುಧಾ ಕುಲಕರ್ಣಿ. ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನಲ್ಲಿ ಎಂಜಿನಿಯರಿಂಗ್ ಮುಗಿಸಿ ಬಂದ ಹುಡುಗಿ. ಅಲ್ಲೂ ತರಗತಿಗೆ ಒಬ್ಬಳೇ, ಇಲ್ಲೂ ವಿಭಾಗಕ್ಕೆ ಒಬ್ಬಳೇ. ಹಾಸ್ಟೆಲಿಗೆ ಹೋಗುವ ದಾರಿಯಲ್ಲಿ ಸೂಚನಾ ಫಲಕದ ಮೇಲೆ ಟೆಲ್ಕೊ ಕಂಪನಿಯ ಉದ್ಯೋಗ ಪ್ರಕಟಣೆ ಕಂಡಿತು. ಕೊನೆಯಲ್ಲಿ ಒಂದು ಸಾಲು. ಮಹಿಳೆಯರು ಅರ್ಜಿ ಹಾಕಬೇಕಾಗಿಲ್ಲ!

ಆ ಸಾಲು ಓದಿ ಸುಮ್ಮನೆ ಮುಂದೆ ಹೋದವರು ಅದೆಷ್ಟು ಮಂದಿಯೋ. ಈಕೆ ಒಂದು ಪೋಸ್ಟ್‌ಕಾರ್ಡು ತೆಗೆದುಕೊಂಡು ನೇರವಾಗಿ ಜೆ.ಆರ್.ಡಿ. ಟಾಟಾ ಅವರಿಗೇ ಬರೆದರು. ವಿಜ್ಞಾನ ಸಂಸ್ಥೆಯನ್ನು ಕಟ್ಟಿದ ಮನೆತನದ ಕಂಪನಿಯೇ ಗಂಡು ಹೆಣ್ಣೆಂದು ಭೇದ ಮಾಡುವುದೇ ಎಂದು ಕೇಳಿದರು. ಸ್ವಲ್ಪ ದಿನಗಳಲ್ಲೇ ಪುಣೆಯ ಸಂದರ್ಶನಕ್ಕೆ ಕರೆ ಬಂತು. ಕೆಲಸವೂ ಸಿಕ್ಕಿತು. ಸುಧಾ ಮೂರ್ತಿ ಎಂದು ಕನ್ನಡ ಓದುಗರೆಲ್ಲರಿಗೂ ಪರಿಚಿತರಾದ ಲೇಖಕಿಯೇ ಇವರು. ಈ ಪ್ರಸಂಗವನ್ನು ಅವರೇ ಬರೆದಿದ್ದಾರೆ.

ಪದವಿ ಕೊಡುವ ಬಾಗಿಲು ತೆರೆದ ಮಾತ್ರಕ್ಕೆ ಕೆಲಸ ಕೊಡುವ ಬಾಗಿಲು ತಾನಾಗಿ ತೆರೆಯುವುದಿಲ್ಲ. ಕಮಲಾ ಅವರ ಸತ್ಯಾಗ್ರಹ ಕಳೆದು ನಲವತ್ತು ವರ್ಷ ಉರುಳಿದ ಮೇಲೂ ಅದೇ ಆವರಣದಲ್ಲಿ ಇನ್ನೊಬ್ಬಳು ಮತ್ತೆ ಮೊದಲಿನಿಂದ ಬಾಗಿಲು ತಟ್ಟಬೇಕಾಯಿತು.

ವಜ್ರ ಬೇಡವೆಂದವಳ ವಜ್ರಗಳು

ಸಂಸ್ಥೆಯಿಂದ ಹೊರಬಂದು ರಾಮನ್ ರಸ್ತೆಯಲ್ಲಿ ಮೇಖ್ರಿ ವೃತ್ತದ ದಿಕ್ಕಿಗೆ ಸಾಗಿದರೆ ಸದಾಶಿವನಗರದ ಅಂಚಿನಲ್ಲಿ ರಾಮನ್ ಸಂಶೋಧನಾ ಸಂಸ್ಥೆ ಇದೆ. ವಿಜ್ಞಾನ ಸಂಸ್ಥೆಯಿಂದ ನಿವೃತ್ತರಾದ ರಾಮನ್ 1948ರಲ್ಲಿ ಕಟ್ಟಿದ್ದು. ತೋಟದ ನಡುವೆ ತಣ್ಣಗಿರುವ ಜಾಗ. 1970ರಲ್ಲಿ ತೀರಿಕೊಂಡ ರಾಮನ್ ಅವರ ಅಂತ್ಯಕ್ರಿಯೆ ಇಲ್ಲಿಯೇ ನಡೆಯಿತು. ಗೋರಿ, ಪ್ರತಿಮೆ ಏನೂ ಬೇಡ, ಒಂದು ಮರ ಸಾಕು ಎಂದಿದ್ದರಂತೆ. ಅಂತೆಯೇ ಒಂದು ಮರವಿದೆ. ಅವರು ಪ್ರೀತಿಯಿಂದ ಕೂಡಿಟ್ಟ ಹರಳು, ಖನಿಜ, ವಜ್ರಗಳ ಸಂಗ್ರಹವೂ ಇಲ್ಲಿದೆ.

ಆ ವಜ್ರಗಳ ಜೊತೆಗೇ ಅಣ್ಣಾ ಮಣಿ ನೆನಪಾಗಬೇಕು. 1918ರಲ್ಲಿ ತಿರುವಾಂಕೂರಿನ ಪೀರುಮೇಡಿನಲ್ಲಿ ಹುಟ್ಟಿದವರು. ಅನುಕೂಲಸ್ಥರ ಮನೆ. ಗಂಡುಮಕ್ಕಳಿಗೆ ಉನ್ನತ ಉದ್ಯೋಗ, ಹೆಣ್ಣುಮಕ್ಕಳಿಗೆ ಮದುವೆ ಎಂಬುದು ಅಲ್ಲಿನ ಪದ್ಧತಿ. ಎಂಟನೆಯ ಹುಟ್ಟುಹಬ್ಬಕ್ಕೆ ವಜ್ರದ ಓಲೆ ಕೊಡಲು ಬಂದಾಗ ಆ ಮಗು ಅದು ಬೇಡ, ಬ್ರಿಟಾನಿಕ ವಿಶ್ವಕೋಶ ಕೊಡಿಸಿ ಎಂದಿತು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಆನರ್ಸ್ ಮುಗಿಸಿ 1940ರಲ್ಲಿ ವಿದ್ಯಾರ್ಥಿವೇತನ ಪಡೆದು ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದು ರಾಮನ್ ಪ್ರಯೋಗಾಲಯ ಸೇರಿದಾಗ ಸಿಕ್ಕ ಕೆಲಸ ಯಾವುದು? ವಜ್ರಗಳ ಅಧ್ಯಯನ.

ಮೂವತ್ತಕ್ಕೂ ಹೆಚ್ಚು ವಜ್ರಗಳ ರೋಹಿತವನ್ನು ಅವರು ದಾಖಲಿಸಿದರು. ಹರಳನ್ನು ದ್ರವ ಗಾಳಿಯ ಶೀತದಲ್ಲಿಟ್ಟು, ಅದರಿಂದ ಹೊರಡುವ ಕ್ಷೀಣ ಬೆಳಕನ್ನು ಛಾಯಾಚಿತ್ರದ ಗಾಜಿನ ಫಲಕದ ಮೇಲೆ ಹಿಡಿಯಬೇಕು. ಒಂದು ಚಿತ್ರ ಮೂಡಲು ಹದಿನೈದು ಇಪ್ಪತ್ತು ಗಂಟೆ ಬೇಕು. ಹೀಗಾಗಿ ಎಷ್ಟೋ ರಾತ್ರಿಗಳು ಪ್ರಯೋಗಾಲಯದಲ್ಲೇ ಕಳೆದವು. 1942ರಿಂದ 1945ರೊಳಗೆ ಒಬ್ಬರದೇ ಹೆಸರಿನಲ್ಲಿ ಐದು ಲೇಖನ ಪ್ರಕಟಿಸಿ, ಮಹಾಪ್ರಬಂಧವನ್ನು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದರು. ವಿಜ್ಞಾನ ಸಂಸ್ಥೆಗೆ ವಿಶ್ವವಿದ್ಯಾಲಯದ ಸ್ಥಾನ ಸಿಕ್ಕಿದ್ದು 1958ರಲ್ಲಿ. ಅದಕ್ಕೆ ಮೊದಲು ಇಲ್ಲಿ ಕೆಲಸ ಮಾಡಿದವರು ಪದವಿಗೆ ಹೊರಗಿನ ವಿಶ್ವವಿದ್ಯಾಲಯವನ್ನೇ ನಂಬಬೇಕಿತ್ತು.

ಮೂರನೆಯ ಬಾಗಿಲು ಮುಚ್ಚಿದ್ದು ಇಲ್ಲಿ. ಎಂ.ಎಸ್ಸಿ. ಪದವಿ ಇಲ್ಲದ್ದರಿಂದ ಪಿಎಚ್.ಡಿ. ಕೊಡಲಾಗದು ಎಂದು ವಿಶ್ವವಿದ್ಯಾಲಯ ಹೇಳಿತು. ಆನರ್ಸ್ ಇತ್ತು, ವಿದ್ಯಾರ್ಥಿವೇತನ ಇತ್ತು, ಐದು ಲೇಖನ ಇದ್ದವು. ಒಂದು ಕಾಗದ ಇರಲಿಲ್ಲ. ಸಿದ್ಧವಾದ ಆ ಪ್ರಬಂಧ ರಾಮನ್ ಸಂಶೋಧನಾ ಸಂಸ್ಥೆಯಲ್ಲೇ ಉಳಿಯಿತು, ಪದವಿ ಪಡೆದ ಉಳಿದ ಪ್ರಬಂಧಗಳಂತೆಯೇ ರಟ್ಟು ಕಟ್ಟಿಸಿಕೊಂಡು.

ಅಣ್ಣಾ ಮಣಿ ಅದನ್ನೇ ನೆನೆದು ಕೂರಲಿಲ್ಲ. ಲಂಡನ್ನಿಗೆ ಹೋಗಿ ಹವಾಮಾನ ಉಪಕರಣಗಳ ವಿದ್ಯೆ ಕಲಿತು 1948ರಲ್ಲಿ ಪುಣೆಯ ಹವಾಮಾನ ಇಲಾಖೆ ಸೇರಿದರು. ಮಳೆ, ಗಾಳಿ, ಬಿಸಿಲು ಅಳೆಯುವ ಸಾಮಾನ್ಯ ಉಪಕರಣವೂ ಆಗ ವಿದೇಶದಿಂದಲೇ ಬರಬೇಕಿತ್ತು. ಸುಮಾರು ನೂರು ಉಪಕರಣಗಳ ನಕ್ಷೆಗಳನ್ನು ಅವರು ಶಿಸ್ತಾಗಿ ಸಿದ್ಧಪಡಿಸಿ ಇಲ್ಲಿಯೇ ತಯಾರಿಕೆಗೆ ದಾರಿ ಮಾಡಿದರು. ತುಂಬಾ ರಾಕೆಟ್ ಕೇಂದ್ರದಲ್ಲಿ ಹವಾಮಾನ ವೀಕ್ಷಣಾಲಯ ಸ್ಥಾಪಿಸಿದವರೂ ಅವರೇ. 1976ರಲ್ಲಿ ಇಲಾಖೆಯ ಉಪ ಮಹಾನಿರ್ದೇಶಕಿಯಾಗಿ ನಿವೃತ್ತರಾದ ಮೇಲೆ ಮತ್ತೆ ಬೆಂಗಳೂರಿಗೆ ಬಂದು ಇದೇ ರಾಮನ್ ಸಂಸ್ಥೆಯಲ್ಲಿ ಸಂದರ್ಶಕ ಪ್ರಾಧ್ಯಾಪಕಿಯಾದರು. ಭಾರತದ ಸೌರಶಕ್ತಿಯ ಬಗ್ಗೆ ಅವರು 1980 ಮತ್ತು 1981ರಲ್ಲಿ ಹೊರತಂದ ಗ್ರಂಥಗಳು ಎಂಜಿನಿಯರುಗಳಿಗೆ ಆಕರವಾದವು. ಇಂದು ಚಿತ್ರದುರ್ಗ, ಗದಗದ ಬಯಲುಗಳಲ್ಲಿ ಗಾಳಿಯಂತ್ರ ತಿರುಗುವುದನ್ನು ನೋಡುವವರು, ಈ ದೇಶದಲ್ಲಿ ಗಾಳಿ ಎಲ್ಲಿ ಎಷ್ಟು ಬೀಸುತ್ತದೆ ಎಂದು ಅಳೆಯಲು ಮೊದಲು ದುಡಿದವರಲ್ಲಿ ಪಿಎಚ್.ಡಿ. ಸಿಗದ ಈ ಹೆಣ್ಣುಮಗಳು ಒಬ್ಬರು ಎಂಬುದನ್ನು ನೆನೆಯಬಹುದು. ಅವರು ಕಣ್ಮುಚ್ಚಿದ್ದು 2001ರಲ್ಲಿ.

ಓದಿದವರು ಎಲ್ಲಿ ಹೋದರು?

ರಾಮನ್ ಸಂಸ್ಥೆಯ ಮಗ್ಗುಲಲ್ಲೇ ಭಾರತೀಯ ವಿಜ್ಞಾನ ಅಕಾಡೆಮಿಯ ಕಚೇರಿ ಇದೆ. 1934ರಲ್ಲಿ ಇದನ್ನು ಸ್ಥಾಪಿಸಿದವರೂ ರಾಮನ್ ಅವರೇ. ಕಾಲದ ಮಹಿಮೆ ನೋಡಿ, 2008ರಲ್ಲಿ ಇದೇ ಅಕಾಡೆಮಿ ಸುಮಾರು ನೂರು ಭಾರತೀಯ ಮಹಿಳಾ ವಿಜ್ಞಾನಿಗಳ ಬದುಕನ್ನು ಹೇಳುವ ‘ಲೀಲಾವತೀಸ್ ಡಾಟರ್ಸ್’ ಎಂಬ ಪುಸ್ತಕವನ್ನು ಹೊರತಂದಿತು. ಸಂಪಾದಕರಲ್ಲಿ ಒಬ್ಬರು ವಿಜ್ಞಾನ ಸಂಸ್ಥೆಯ ಭೌತವಿಜ್ಞಾನಿ ರೋಹಿಣಿ ಗೋಡಬೋಲೆ. 2024ರಲ್ಲಿ ನಿಧನರಾದ ರೋಹಿಣಿಯವರು ಕಣಭೌತವಿಜ್ಞಾನದಲ್ಲಿ ಎಷ್ಟು ಹೆಸರಾಗಿದ್ದರೋ, ವಿಜ್ಞಾನದಲ್ಲಿ ಹೆಣ್ಣುಮಕ್ಕಳ ಪರವಾಗಿ ಮಾತನಾಡುವುದರಲ್ಲೂ ಅಷ್ಟೇ ಹೆಸರಾಗಿದ್ದರು.

2010ರಲ್ಲಿ ಈ ಅಕಾಡೆಮಿ ಮತ್ತು ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ ಸೇರಿ ಒಂದು ಸಮೀಕ್ಷೆ ಪ್ರಕಟಿಸಿದವು. ಉನ್ನತ ಅಧ್ಯಯನ ಸಂಸ್ಥೆ ಇರುವುದು ಟಾಟಾ ಇನ್‌ಸ್ಟಿಟ್ಯೂಟಿನ ಆವರಣದಲ್ಲೇ. ಅದರ ಕಲ್ಪನೆ ಜೆ.ಆರ್.ಡಿ. ಟಾಟಾ ಅವರದು. ಒಂದು ಕಾಲಕ್ಕೆ ಬಾಗಿಲು ಮುಚ್ಚಿದ್ದ ರಾಮನ್ ಕಟ್ಟಿದ ಸಂಸ್ಥೆ, ಪೋಸ್ಟ್‌ಕಾರ್ಡು ತಲುಪಿದ ಟಾಟಾ ಕಟ್ಟಿದ ಸಂಸ್ಥೆ ಎರಡೂ ಕೂಡಿ ಕೇಳಿದ ಪ್ರಶ್ನೆ ಇದು. ಪಿಎಚ್.ಡಿ. ಮಾಡಿದ ಹೆಣ್ಣುಮಕ್ಕಳು ಆಮೇಲೆ ಎಲ್ಲಿ ಹೋಗುತ್ತಾರೆ?

ಮದುವೆ, ಮಕ್ಕಳು, ಸಂಸಾರ ಎಂದು ಅವರಾಗಿಯೇ ಬಿಡುತ್ತಾರೆ ಎಂಬುದು ಎಲ್ಲರ ಸುಲಭದ ಉತ್ತರ. ಐನೂರಕ್ಕೂ ಹೆಚ್ಚು ಮಂದಿಯನ್ನು ಮಾತನಾಡಿಸಿದ ಸಮೀಕ್ಷೆ ಈ ಉತ್ತರವನ್ನು ಒಪ್ಪಲಿಲ್ಲ. ಸಂಸಾರವೊಂದೇ ಕಾರಣವಲ್ಲ, ಕಲಿತದ್ದಕ್ಕೆ ತಕ್ಕ ಕೆಲಸ ಸಿಗದೆ ಹೊರಗುಳಿದವರು ಬಹಳ ಎಂದು ಅದು ತೋರಿಸಿತು. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಲೆಕ್ಕದಂತೆ, 2018ರಲ್ಲಿ ದೇಶದಲ್ಲಿ ಸಂಶೋಧನೆಯಲ್ಲಿ ನೇರವಾಗಿ ತೊಡಗಿದವರಲ್ಲಿ ಮಹಿಳೆಯರು ಶೇ 16.6 ಮಾತ್ರ. ಬಿ.ಎಸ್ಸಿ., ಎಂ.ಎಸ್ಸಿ. ತರಗತಿಗಳಲ್ಲಿ ಹುಡುಗಿಯರೇ ತುಂಬಿರುವುದನ್ನು ಕಂಡ ಯಾರಿಗೂ ಈ ಅಂಕಿ ಆಶ್ಚರ್ಯ ತರಬೇಕು.

ನಾಲ್ಕನೆಯ ಬಾಗಿಲು ಇದೇ, ಉಳಿದುಕೊಳ್ಳುವ ಬಾಗಿಲು. ಇದರ ಮೇಲೆ ಮಹಿಳೆಯರಿಗೆ ಪ್ರವೇಶವಿಲ್ಲ ಎಂದು ಯಾರೂ ಬರೆದಿಲ್ಲ. ಆದ್ದರಿಂದಲೇ ಇದನ್ನು ತಟ್ಟುವುದೂ ಕಷ್ಟ.

ಪೀಣ್ಯದ ಶೆಡ್ಡುಗಳಿಂದ ಚಂದ್ರನವರೆಗೆ

ಪ್ರವಾಸದ ಕೊನೆಯ ತಾಣ ಪೀಣ್ಯ. ನಮ್ಮ ಮೆಟ್ರೊದ ಹಸಿರು ಮಾರ್ಗದಲ್ಲಿ ಯಶವಂತಪುರದಿಂದ ಕೆಲವೇ ನಿಲ್ದಾಣ. ಲೇತು, ವೆಲ್ಡಿಂಗು, ಲಾರಿಗಳ ಈ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲೇ ದೇಶದ ಮೊದಲ ಉಪಗ್ರಹ ‘ಆರ್ಯಭಟ’ ತಯಾರಾಗಿ 1975ರಲ್ಲಿ ಬಾನಿಗೇರಿತು. ಬಾಹ್ಯಾಕಾಶ ನೌಕೆಗಳ ಜೊತೆ ಮಾತನಾಡುವ ಇಸ್ರೊದ ನಿಯಂತ್ರಣ ಕೇಂದ್ರವೂ ಇಲ್ಲಿಯೇ ಇದೆ. ಒಳಗೆ ಪ್ರವೇಶವಿಲ್ಲ. ಹೊರಗಿನಿಂದ ನೋಡಿ ತೃಪ್ತಿಪಡಬೇಕು.

2014ರ ಸೆಪ್ಟೆಂಬರ್ 24ರಂದು ಮಂಗಳಯಾನ ತನ್ನ ಕಕ್ಷೆ ಸೇರಿದಾಗ ಕಾರ್ಯಾಚರಣೆಯ ಹೊಣೆ ಹೊತ್ತವರಲ್ಲಿ ನಂದಿನಿ ಹರಿನಾಥ್ ಮತ್ತು ರಿತು ಕರಿಧಾಲ್ ಇದ್ದರು. ಲಖನೌದಿಂದ ಬಂದ ರಿತು ಟಾಟಾ ಇನ್‌ಸ್ಟಿಟ್ಯೂಟಿನಲ್ಲೇ ವೈಮಾಂತರಿಕ್ಷ ಎಂಜಿನಿಯರಿಂಗ್ ಓದಿದವರು. 2019ರ ಚಂದ್ರಯಾನ-2ಕ್ಕೆ ಯೋಜನಾ ನಿರ್ದೇಶಕಿ ಎಂ. ವನಿತಾ, ಮಿಷನ್ ನಿರ್ದೇಶಕಿ ರಿತು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲಿಳಿದಾಗ ಸಹ ಯೋಜನಾ ನಿರ್ದೇಶಕಿ ಕೆ. ಕಲ್ಪನಾ. ಇವರೆಲ್ಲರಿಗೂ ಮೊದಲು, 2011ರಲ್ಲಿ ಜಿಸ್ಯಾಟ್-12 ಉಪಗ್ರಹದ ಯೋಜನಾ ನಿರ್ದೇಶಕಿಯಾಗಿದ್ದವರು ಬೆಂಗಳೂರಿನವರೇ ಆದ ಟಿ.ಕೆ. ಅನುರಾಧಾ. ಕೆ.ಆರ್. ವೃತ್ತದ ಬಳಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ, ಅಂದರೆ ವಿಶ್ವೇಶ್ವರಯ್ಯನವರ ಹೆಸರಿನ ಯು.ವಿ.ಸಿ.ಇ.ಯಲ್ಲಿ ಓದಿ 1982ರಲ್ಲಿ ಇಸ್ರೊ ಸೇರಿದವರು. ಸೇರಿದ ದಿನದಿಂದ ಆ ಹುದ್ದೆಗೇರಲು ಇಪ್ಪತ್ತೊಂಬತ್ತು ವರ್ಷ ಹಿಡಿಯಿತು.

ಈ ಇಪ್ಪತ್ತೊಂಬತ್ತು ಎಂಬ ಸಂಖ್ಯೆಯನ್ನು ಪೋಷಕರು ಗಮನಿಸಬೇಕು. ವಿಜ್ಞಾನದ ಕೆಲಸ ಒಂದು ಪರೀಕ್ಷೆ, ಒಂದು ರ‍್ಯಾಂಕಿನಲ್ಲಿ ಮುಗಿಯುವಂಥದಲ್ಲ. ನಡುವೆ ಮದುವೆ ಬರುತ್ತದೆ, ಮಗು ಬರುತ್ತದೆ, ಅತ್ತೆಮಾವನ ಕಾಯಿಲೆ ಬರುತ್ತದೆ. ಆಗೆಲ್ಲ ಮನೆಯಲ್ಲಿ ಯಾರ ಕೆಲಸ ಮೊದಲು ನಿಲ್ಲುತ್ತದೆ ಎಂಬುದೇ ಪ್ರಶ್ನೆ.

ಸರ್ಕಾರದ ಕಡೆಯಿಂದ ಕೆಲವು ಊರುಗೋಲುಗಳು ಬಂದಿವೆ. ಐಐಟಿಗಳಲ್ಲಿ 2017ರ ಸುಮಾರಿಗೆ ಹುಡುಗಿಯರು ನೂರಕ್ಕೆ ಎಂಟರ ಆಸುಪಾಸಿನಲ್ಲಿದ್ದರು. 2018ರಿಂದ ಹುಡುಗರ ಸೀಟು ಕಡಿಮೆ ಮಾಡದೆ ಹುಡುಗಿಯರಿಗಾಗಿ ಹೆಚ್ಚುವರಿ ಸೀಟು ಸೇರಿಸಿದ ಮೇಲೆ ಈ ಪ್ರಮಾಣವನ್ನು ಮೂರೇ ವರ್ಷದಲ್ಲಿ ಶೇ 20ಕ್ಕೆ ಏರಿಸುವ ಗುರಿ ಇಟ್ಟುಕೊಳ್ಳಲಾಯಿತು. ಒಂಬತ್ತರಿಂದ ಹನ್ನೆರಡನೇ ತರಗತಿಯ ಹುಡುಗಿಯರಿಗೆ ‘ವಿಜ್ಞಾನ ಜ್ಯೋತಿ’ ಎಂಬ ಯೋಜನೆ 2019ರಲ್ಲಿ ಆರಂಭವಾಯಿತು. ಸಂಸಾರದ ಕಾರಣಕ್ಕೆ ಸಂಶೋಧನೆ ಬಿಟ್ಟವರು ಮರಳಿ ಬರಲು ನೆರವಾಗುವ ಯೋಜನೆಗಳೂ ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯಲ್ಲಿವೆ. ಇವುಗಳ ಬಗ್ಗೆ ಮಗಳ ಕಾಲೇಜಿನಲ್ಲಿ ವಿಚಾರಿಸಿದರೆ ನಷ್ಟವಿಲ್ಲ.

ಹೋಗುವವರಿಗೆ

ಟಾಟಾ ಇನ್‌ಸ್ಟಿಟ್ಯೂಟ್ ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಫೆಬ್ರುವರಿ ಮಾರ್ಚ್ ಸುಮಾರಿಗೆ, ‘ಓಪನ್ ಡೇ’ ಏರ್ಪಡಿಸುತ್ತದೆ. ಅಂದು ಪ್ರಯೋಗಾಲಯಗಳು ಸಾರ್ವಜನಿಕರಿಗೆ ತೆರೆದಿರುತ್ತವೆ. ಸಂಶೋಧನಾ ವಿದ್ಯಾರ್ಥಿಗಳೇ ನಿಂತು ವಿವರಿಸುತ್ತಾರೆ. ದಿನಾಂಕವನ್ನು ಮೊದಲೇ ತಿಳಿದುಕೊಂಡು ಬೆಳಿಗ್ಗೆ ಬೇಗ ಹೋಗುವುದು ಒಳ್ಳೆಯದು, ಮಧ್ಯಾಹ್ನಕ್ಕೆ ಜಾತ್ರೆಯ ಜನ. ರಾಮನ್ ಸಂಸ್ಥೆಯ ಸಂಗ್ರಹ ನೋಡಲು ಮುಂಚಿತವಾಗಿ ಅನುಮತಿ ಕೇಳಬೇಕು.

ಪ್ರಯೋಗಾಲಯದಲ್ಲಿ ವಿವರಿಸಲು ನಿಂತ ಹುಡುಗಿಯರನ್ನು ಮಗಳು ಮಾತನಾಡಿಸಲಿ. ಯಾವ ಊರು, ಮನೆಯಲ್ಲಿ ಏನೆಂದರು, ಹಾಸ್ಟೆಲ್ ಹೇಗಿದೆ, ರಾತ್ರಿ ಎಷ್ಟು ಹೊತ್ತಿನವರೆಗೆ ಕೆಲಸ ಎಂದು ಕೇಳಲಿ. ಆ ಹೊತ್ತಿನಲ್ಲಿ ತಂದೆತಾಯಿ ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳಲಿ. ಮೊದಲ ಮೂರು ಬಾಗಿಲುಗಳನ್ನು ತೆರೆದವರು ಆ ಹೆಣ್ಣುಮಕ್ಕಳೇ. ನಾಲ್ಕನೆಯದರ ಒಂದು ಚಿಲಕ ಕೆಲಸ ಕೊಡುವವರ ಕೈಯಲ್ಲಿದೆ, ಇನ್ನೊಂದು ಮನೆಯ ಒಳಗಡೆಯೇ ಇದೆ.